ಹಳದಿ ನದಿ: ನೀರಿನಿಂದಲೇ ಹೂಳು ಓಡಿಸುವ ಉಪಾಯ

ನಮ್ಮ ರಾಯದುರ್ಗ ಸೀಮೆಯ ಮಕ್ಕಳಿಗೆ ಉಸುಕು ಎಂದರೇನು ಎಂದು ಪಾಠ ಮಾಡಬೇಕಾಗಿಲ್ಲ. ಕಣೇಕಲ್ಲು, ಬೊಮ್ಮನಹಾಳು ಕಡೆ ವೇದಾವತಿ ಹಗರಿಯ ಪಾತ್ರವನ್ನು ನೋಡಿದವರಿಗೆ ಗೊತ್ತು. ಹೊಳೆ ಬಲು ಅಗಲ, ಆಳ ಮಾತ್ರ ಇಲ್ಲ. ನೀರು ಬಂದರೆ ಅದರಲ್ಲಿ ತೆಳ್ಳಗೆ ಹರಡಿಕೊಂಡು ಹೋಗುತ್ತದೆ, ಉಸುಕನ್ನು ಅಲ್ಲೇ ಬಿಟ್ಟು ಹೋಗುತ್ತದೆ. ಆಷಾಢದ ಗಾಳಿ ಆ ಉಸುಕನ್ನು ಎತ್ತಿ ಪಕ್ಕದ ಹೊಲಗಳ ಮೇಲೆ ಸುರಿಯುತ್ತದೆ. ಆದರೆ ಅದೇ ನೀರು ಒಂದು ಇಕ್ಕಟ್ಟಾದ ಬಂಡೆಗಳ ಸಂದಿಯಲ್ಲಿ ಹರಿದರೆ ತಳ ತೊಳೆದಿಟ್ಟ ಹಾಗೆ ಇರುತ್ತದೆ, ಒಂದು ಹಿಡಿ ಉಸುಕೂ ಸಿಗುವುದಿಲ್ಲ. ಯಾಕೆ ಹೀಗೆ?

ಹೊಳೆಯ ಆಕಾರಕ್ಕೂ ಅದು ಹೊರುವ ಹೂಳಿಗೂ ಏನು ಸಂಬಂಧ ಎನ್ನುವುದು ಇವತ್ತು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕಲಿಸುವ ವಿಷಯ. ಆದರೆ ಒಂದು ದೇಶದಲ್ಲಿ ಈ ಪ್ರಶ್ನೆಯ ಮೇಲೆ ಎರಡು ಸಾವಿರ ವರ್ಷ ವಾದ ನಡೆದಿದೆ. ಅಧಿಕಾರಿಗಳು ಕೆಲಸ ಕಳೆದುಕೊಂಡಿದ್ದಾರೆ, ಒಂದು ಪಟ್ಟಣವೇ ನೀರಿನಡಿ ಹೋಗಿದೆ, ಲಕ್ಷಾಂತರ ಜನ ಸತ್ತಿದ್ದಾರೆ. ಅದು ಚೀನಾ, ಆ ನದಿ ಹ್ವಾಂಗ್ ಹೋ. ನಮ್ಮ ಭೂಗೋಳದ ಪುಸ್ತಕಗಳಲ್ಲಿ 'ಹಳದಿ ನದಿ', 'ಚೀನಾದ ಕಣ್ಣೀರು' ಎಂದು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಆ ಒಂದು ಸಾಲಿನ ಹಿಂದೆ ಎಷ್ಟು ಕಥೆ ಇದೆ ಎಂದು ಹೇಳುವುದಕ್ಕೇ ಈ ಬರಹ.

ಮೊದಲು ನದಿಯ ಪರಿಚಯ. ಉದ್ದ 5,464 ಕಿ.ಮೀ. ನಡುದಾರಿಯಲ್ಲಿ ಅದು ಲೋಯೆಸ್ ಪ್ರಸ್ಥಭೂಮಿಯನ್ನು ಹಾದು ಬರುತ್ತದೆ. ಲೋಯೆಸ್ ಎಂದರೆ ಗಾಳಿ ತಂದು ಪೇರಿಸಿದ ಹಳದಿ ಧೂಳುಮಣ್ಣು. ಸುಮಾರು 6.4 ಲಕ್ಷ ಚದರ ಕಿ.ಮೀ. ಪ್ರದೇಶ, ಕೆಲವು ಕಡೆ ನೂರು ಮೀಟರಿಗೂ ಹೆಚ್ಚು ದಪ್ಪ. ಬೇಸಿಗೆಯ ಒಂದು ಜೋರು ಮಳೆ ಸಾಕು, ಅದು ಸಕ್ಕರೆಯ ಹಾಗೆ ಕರಗಿ ಹೊಳೆಗೆ ಇಳಿಯುತ್ತದೆ. ಇಪ್ಪತ್ತನೇ ಶತಮಾನದ ಮಧ್ಯದಲ್ಲಿ ಅಳೆದಾಗ ಈ ನದಿ ವರ್ಷಕ್ಕೆ ಸರಾಸರಿ 160 ಕೋಟಿ ಟನ್ ಹೂಳು ಹೊರುತ್ತಿತ್ತು. ಹತ್ತು ಟನ್ನಿನ ಲಾರಿಗೆ ತುಂಬಿದರೆ ದಿನಕ್ಕೆ ನಾಲ್ಕು ಲಕ್ಷಕ್ಕೂ ಹೆಚ್ಚು ಲೋಡು! ಒಂದು ಘನ ಮೀಟರ್ ನೀರಿಗೆ ಸರಾಸರಿ 35 ಕೆ.ಜಿ. ಮಣ್ಣು. ಅಂದರೆ 20 ಲೀಟರಿನ ಒಂದು ಬಿಂದಿಗೆ ತುಂಬಿಟ್ಟರೆ ತಳದಲ್ಲಿ ಮುಕ್ಕಾಲು ಕೆ.ಜಿ.ಯ ಹತ್ತಿರ ಮಣ್ಣು ಕೂರುತ್ತದೆ. ಇದು ಸರಾಸರಿಯ ಮಾತು. ಪ್ರವಾಹದ ದಿನಗಳಲ್ಲಿ ಅದು ನೀರೋ ಅಂಬಲಿಯೋ ಹೇಳುವುದು ಕಷ್ಟ.

ಬೆಟ್ಟಸೀಮೆ ದಾಟಿ ಬಯಲಿಗೆ ಬಂದ ಮೇಲೆ ಸಮುದ್ರದವರೆಗೆ ಸುಮಾರು 780 ಕಿ.ಮೀ. ದಾರಿ ಇದೆ. ಅಲ್ಲಿ ಇಳಿಜಾರು ಹತ್ತು ಕಿ.ಮೀ.ಗೆ ಒಂದೆರಡು ಮೀಟರ್ ಅಷ್ಟೇ. ಓಡುತ್ತಿದ್ದ ಹೊಳೆ ಅಲ್ಲಿ ನಡೆಯತೊಡಗುತ್ತದೆ, ಹೊತ್ತ ಹೊರೆಯನ್ನು ಇಳಿಸತೊಡಗುತ್ತದೆ. ತಳ ಏರುತ್ತದೆ. ತಳ ಏರಿದ ಹಾಗೆ ಜನ ಒಡ್ಡು ಏರಿಸುತ್ತಾರೆ. ಒಡ್ಡು ಏರಿದ ಹಾಗೆ ಮತ್ತೆ ತಳ ಏರುತ್ತದೆ. ಹೀಗೆ ಆಗಿ ಆಗಿ ಈ ನದಿ ಕೆಳಬಯಲಿನಲ್ಲಿ ಹೊಲಗಳಿಗಿಂತ ಎತ್ತರದಲ್ಲಿ ಹರಿಯುತ್ತದೆ. ಕೈಫೆಂಗ್ ಪಟ್ಟಣದ ಹತ್ತಿರ ಹೊಳೆಯ ತಳವೇ ಊರಿನ ನೆಲಕ್ಕಿಂತ ಹಲವು ಮೀಟರ್ ಮೇಲಿದೆ. ಚೀನೀಯರು ಇದನ್ನು 'ತೂಗಾಡುವ ನದಿ' ಎನ್ನುತ್ತಾರೆ. ಸುಮಾರು 2,500 ವರ್ಷಗಳಲ್ಲಿ ಒಡ್ಡು ಒಡೆದದ್ದು 1,500ಕ್ಕೂ ಹೆಚ್ಚು ಸಲ, ನದಿ ತನ್ನ ದಾರಿಯನ್ನೇ ದೊಡ್ಡದಾಗಿ ಬದಲಿಸಿದ್ದು 26 ಸಲ ಎಂದು ಅಲ್ಲಿನ ಲೆಕ್ಕ ಹೇಳುತ್ತದೆ.

ಈಗ ಜಗಳಕ್ಕೆ ಬರೋಣ. ಎರಡು ಪಕ್ಷಗಳು.

ಮೊದಲ ಪಕ್ಷದವರು ಹೇಳುವುದು: ಹೊಳೆಗೆ ಜಾಗ ಬಿಡಿ. ಕ್ರಿ.ಪೂ. 7ರ ಸುಮಾರಿಗೆ ಹಾನ್ ದೊರೆಯ ಮುಂದೆ ಜಿಯಾ ರಾಂಗ್ ಎನ್ನುವವನು ಮೂರು ಉಪಾಯಗಳನ್ನು ಇಟ್ಟ. ಅವನ ಪ್ರಕಾರ ಉತ್ತಮ ಉಪಾಯವೆಂದರೆ ಹೊಳೆಯ ದಾರಿಯಲ್ಲಿ ಕೂತಿರುವ ಜನರನ್ನು ಎಬ್ಬಿಸಿ ಬೇರೆ ಕಡೆ ನೆಲೆ ಕೊಟ್ಟು, ನೀರಿಗೆ ಅಗಲ ಬಿಡುವುದು. ಹಿಂದೆ ಒಡ್ಡುಗಳು ಹೊಳೆಯಿಂದ ಎರಡೂ ಕಡೆ 25 ಲಿ ದೂರದಲ್ಲಿ ಇದ್ದವು, ಆಮೇಲೆ ಜನ ಒಳಗಿನ ಫಲವತ್ತಾದ ಮೆಕ್ಕಲು ಮಣ್ಣಿಗೆ ಆಸೆಪಟ್ಟು ಒಳಗೊಂದು ಒಡ್ಡು, ಅದರೊಳಗೆ ಇನ್ನೊಂದು ಎಂದು ಕಟ್ಟಿಕೊಂಡು ಹೊಳೆಯ ಕುತ್ತಿಗೆ ಹಿಸುಕಿದರು ಎಂದು ಅವನು ದೂರಿದ. (ಕೆರೆಯಂಗಳ ಒತ್ತುವರಿ ಎಂದು ನಾವು ಇವತ್ತು ಪತ್ರಿಕೆಯಲ್ಲಿ ಓದುವುದು ಹೊಸ ಕಥೆ ಏನಲ್ಲ ನೋಡಿ!)

ಎರಡನೇ ಪಕ್ಷದ ಬೀಜ ಕೂಡ ಅದೇ ಕಾಲದ್ದು. ಜಿಯಾ ರಾಂಗ್ ಆದ ಸುಮಾರು ಹತ್ತು ವರ್ಷಕ್ಕೆ, ಕ್ರಿ.ಶ. 4ರಲ್ಲಿ, ಝಾಂಗ್ ರೋಂಗ್ ಎಂಬ ಅಧಿಕಾರಿ ಒಂದು ವಿಚಿತ್ರ ಮಾತು ಹೇಳಿದ. ಈ ನದಿಯ ನೀರಿನಲ್ಲಿ ಹತ್ತು ಪಾಲಿಗೆ ಆರು ಪಾಲು ಕೆಸರು. ನೀರು ಜೋರಾಗಿ ಹರಿದರೆ ತನ್ನ ತಳವನ್ನು ತಾನೇ ಕೆರೆದು ಆಳ ಮಾಡಿಕೊಳ್ಳುತ್ತದೆ. ಮೇಲಿನವರು ಬೇಸಾಯಕ್ಕೆಂದು ನೀರು ಎಳೆದುಕೊಂಡರೆ ಹೊಳೆ ನಿಧಾನವಾಗಿ ಹೂಳು ಕಟ್ಟುತ್ತದೆ, ಆಮೇಲೆ ಒಡ್ಡು ಒಡೆಯುತ್ತದೆ ಎಂದು ಅವನ ವಾದ. ಆರು ಪಾಲು ಎನ್ನುವುದು ಅತಿಯಾಯಿತು, ಇರಲಿ. ಆದರೆ ನೀರಿನ ವೇಗಕ್ಕೂ ಹೂಳಿಗೂ ಇರುವ ಸಂಬಂಧವನ್ನು ಇಷ್ಟು ಸ್ಪಷ್ಟವಾಗಿ ಅಷ್ಟು ಹಿಂದೆಯೇ ಹೇಳಿದವನು ಅವನು.

ಆ ಬೀಜ ಮರವಾಗಲು ಒಂದೂವರೆ ಸಾವಿರ ವರ್ಷ ಬೇಕಾಯಿತು.

ಮಧ್ಯದ ಕಥೆಯನ್ನು ಬೇಗ ಹೇಳಿಬಿಡುತ್ತೇನೆ. 1128ರಲ್ಲಿ ಉತ್ತರದಿಂದ ಬರುತ್ತಿದ್ದ ಜಿನ್ ಸೈನ್ಯವನ್ನು ತಡೆಯಲು ಸೊಂಗ್ ಸೇನೆಯವರೇ ಒಡ್ಡು ಒಡೆದರು. ಸೈನ್ಯವೇನೂ ನಿಲ್ಲಲಿಲ್ಲ. ಆದರೆ ಹೊಳೆ ದಕ್ಷಿಣಕ್ಕೆ ತಿರುಗಿ, ಕ್ರಮೇಣ ಹುವಾಯ್ ಎಂಬ ಇನ್ನೊಂದು ನದಿಯ ಪಾತ್ರಕ್ಕೆ ಹೊಕ್ಕು ಏಳುನೂರು ವರ್ಷ ಅಲ್ಲೇ ಉಳಿಯಿತು. ಪರರ ಮನೆಗೆ ಹೋದ ನೆಂಟ ಆ ಮನೆಯನ್ನೇ ತನ್ನದು ಮಾಡಿಕೊಂಡ ಹಾಗೆ!

ಮಿಂಗ್ ದೊರೆಗಳ ಕಾಲಕ್ಕೆ ಇದು ಬರೀ ರೈತರ ಕಷ್ಟವಾಗಿ ಉಳಿಯಲಿಲ್ಲ. ರಾಜಧಾನಿ ಬೀಜಿಂಗ್ ಉತ್ತರದಲ್ಲಿ, ಅಕ್ಕಿ ಬೆಳೆಯುವ ನಾಡು ದಕ್ಷಿಣದಲ್ಲಿ. ವರ್ಷಕ್ಕೆ 40 ಲಕ್ಷ 'ಶಿ' ಧಾನ್ಯ (ಒಂದು ಶಿ ಎಂದರೆ ಸುಮಾರು ನೂರು ಲೀಟರಿನ ಅಳತೆ) ಮಹಾ ಕಾಲುವೆಯಲ್ಲಿ ದೋಣಿಗಳ ಮೇಲೆ ಬೀಜಿಂಗಿಗೆ ಹೋಗಬೇಕು. ಆ ಕಾಲುವೆ ಹಳದಿ ನದಿಯನ್ನು ದಾಟಲೇಬೇಕು, ಸ್ವಲ್ಪ ದೂರ ಅದರ ಪಾತ್ರದಲ್ಲೇ ಸಾಗಬೇಕು. ಹೊಳೆ ಒಡೆದರೆ ದೋಣಿ ನಿಂತಿತು, ದೋಣಿ ನಿಂತರೆ ರಾಜಧಾನಿಗೆ ಊಟವಿಲ್ಲ. ಸಾಲದ್ದಕ್ಕೆ ದೊರೆಗಳ ಪೂರ್ವಿಕರ ಸಮಾಧಿಗಳು ಅದೇ ಹುವಾಯ್ ತೀರದ ಸಿಝೌ ಪಟ್ಟಣದ ಹತ್ತಿರ ಇದ್ದವು. ಹೀಗಾಗಿ ನದಿಯನ್ನು ಬಲಕ್ಕೂ ತಿರುಗಿಸುವಂತಿಲ್ಲ, ಎಡಕ್ಕೂ ತಿರುಗಿಸುವಂತಿಲ್ಲ.

ಆ ಕಾಲದ ಹೆಚ್ಚಿನ ಅಧಿಕಾರಿಗಳ ಉಪಾಯ ಒಂದೇ: ನೀರು ಹೆಚ್ಚಾಗಿದೆ, ಆದ್ದರಿಂದ ಅದನ್ನು ನಾಲ್ಕಾರು ಕವಲುಗಳಾಗಿ ಹಂಚಿಬಿಡೋಣ. ಕೇಳಿದರೆ ಸರಿ ಎನ್ನಿಸುತ್ತದೆ, ಅಲ್ಲವೇ? ನಾವು ಯಾರಾದರೂ ಆಗಿದ್ದರೂ ಅದನ್ನೇ ಹೇಳುತ್ತಿದ್ದೆವು.

ಅಲ್ಲ ಎಂದವನು ಪಾನ್ ಜಿಶುನ್. ಹುಟ್ಟಿದ್ದು 1521ರಲ್ಲಿ ಝೆಜಿಯಾಂಗ್ ಪ್ರಾಂತ್ಯದ ವುಚೆಂಗಿನಲ್ಲಿ. ಎಲ್ಲರಂತೆ ಪರೀಕ್ಷೆ ಪಾಸು ಮಾಡಿ ಸರ್ಕಾರಿ ಕೆಲಸಕ್ಕೆ ಬಂದ ಅಕ್ಷರಸ್ಥ. ನದಿಯ ಉಸ್ತುವಾರಿ ಅವನಿಗೆ ನಾಲ್ಕು ಸಲ ಸಿಕ್ಕಿತು: 1565, 1570, 1578 ಮತ್ತು 1588ರಲ್ಲಿ. ಅವನ ವಾದ ಹೀಗೆ: ಬೇರೆ ನದಿಗಳಿಗೆ ಕವಲು ತೆಗೆಯಬಹುದು, ಏಕೆಂದರೆ ಅವುಗಳಲ್ಲಿ ಇರುವುದು ನೀರು. ಇದರಲ್ಲಿ ಇರುವುದು ನೀರು ಮತ್ತು ಉಸುಕು. ನೀರನ್ನು ಹಂಚಿದರೆ ಪ್ರತಿ ಕವಲಿನಲ್ಲೂ ವೇಗ ತಗ್ಗುತ್ತದೆ. ವೇಗ ತಗ್ಗಿದರೆ ಉಸುಕು ಕೂರುತ್ತದೆ. ಉಸುಕು ಕೂತರೆ ಪಾತ್ರ ತುಂಬುತ್ತದೆ. ಹಾಗಾಗಿ ಕವಲುಗಳನ್ನು ಮುಚ್ಚಿ, ಎರಡೂ ಕಡೆಯಿಂದ ಒಡ್ಡು ಹತ್ತಿರ ತಂದು, ನೀರನ್ನು ಒಂದೇ ಇಕ್ಕಟ್ಟಾದ ದಾರಿಯಲ್ಲಿ ಬಿಡಬೇಕು. ಆಗ ಅದು ತಾನೇ ತಳವನ್ನು ತೋಡಿಕೊಂಡು ಹೋಗುತ್ತದೆ. ನೀರನ್ನು ಬಿಗಿದು ಉಸುಕಿನ ಮೇಲೆ ದಾಳಿ ಮಾಡಿಸುವುದು ಎಂದು ಈ ಉಪಾಯಕ್ಕೆ ಹೆಸರು. ಕೂಲಿಯಾಳುಗಳು ಬುಟ್ಟಿ ಗುದ್ದಲಿ ಹಿಡಿದು ಹೂಳೆತ್ತಿ ಮುಗಿಸಲಾಗದ್ದನ್ನು ನೀರಿನ ಕೈಯಿಂದಲೇ ಮಾಡಿಸುವುದು.

ಇಲ್ಲಿ ಸ್ವಲ್ಪ ಗಣಿತ ನೋಡೋಣ, ಹತ್ತನೇ ತರಗತಿಯ ಮಕ್ಕಳು ಮಾಡಬಹುದಾದಷ್ಟು. ಇಳಿಜಾರು ಅದೇ, ನೀರು ಅಷ್ಟೇ, ಹೊಳೆಯ ಅಗಲವನ್ನು ಮಾತ್ರ ಅರ್ಧ ಮಾಡಿದೆವು ಎಂದುಕೊಳ್ಳಿ. ವೇಗ ದುಪ್ಪಟ್ಟಾಗುತ್ತದೆಯೇ? ಇಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಐರ್ಲೆಂಡಿನ ಎಂಜಿನಿಯರ್ ಮ್ಯಾನಿಂಗ್ ಕೊಟ್ಟ ಸೂತ್ರದ ಪ್ರಕಾರ ಲೆಕ್ಕ ಹಾಕಿದರೆ ಆಳ ಸುಮಾರು ಒಂದೂವರೆ ಪಟ್ಟಾಗುತ್ತದೆ, ವೇಗ 1.32 ಪಟ್ಟಾಗುತ್ತದೆ. (1.52 × 1.32 = 2. ಸರಿಹೋಯಿತಲ್ಲ!) ನೀರು ಆಳವಾದಷ್ಟೂ ತಳದ ಮತ್ತು ದಂಡೆಯ ಘರ್ಷಣೆ ಪಾಲಿಗೆ ಕಡಿಮೆ ಬರುವುದರಿಂದ ವೇಗ ಹೆಚ್ಚುತ್ತದೆ. ಮೂರನೇ ಒಂದು ಭಾಗ ಹೆಚ್ಚಾದರೆ ಏನು ಮಹಾ ಎನ್ನಬೇಡಿ. ಹೂಳು ಹೊರುವ ಶಕ್ತಿ ವೇಗದ ಜೊತೆ ನೇರವಾಗಿ ಏರುವುದಿಲ್ಲ, ವೇಗದ ಮೂರನೇ, ನಾಲ್ಕನೇ ಘಾತದಂತೆ ಏರುತ್ತದೆ. 1.32ನ್ನು ಮೂರು ಸಲ ಗುಣಿಸಿದರೆ 2.3, ನಾಲ್ಕು ಸಲ ಗುಣಿಸಿದರೆ 3. ಸಣ್ಣ ವೇಗದ ವ್ಯತ್ಯಾಸಕ್ಕೆ ದೊಡ್ಡ ಹೊರೆಯ ವ್ಯತ್ಯಾಸ. ಪಾನ್ ಜಿಶುನನಿಗೆ ಘಾತಸೂಚಿ ಗೊತ್ತಿರಲಿಲ್ಲ, ಆದರೆ ಹೊಳೆ ಗೊತ್ತಿತ್ತು.

ಹಾಗೆಂದು ಅವನು ಎರಡು ಗೋಡೆ ಕಟ್ಟಿ ಕೈಬಿಟ್ಟನೆಂದು ತಿಳಿಯಬೇಡಿ. ಮೇಲಿನ ಲೆಕ್ಕವನ್ನೇ ಮತ್ತೊಮ್ಮೆ ನೋಡಿ: ಅಗಲ ಅರ್ಧವಾದಾಗ ಆಳ ಒಂದೂವರೆ ಪಟ್ಟಾಯಿತು. ತಳ ಕೊರೆದು ಕೆಳಗೆ ಹೋಗುವುದಕ್ಕೆ ಸಮಯ ಬೇಕು. ಅಷ್ಟರೊಳಗೆ ದೊಡ್ಡ ಪ್ರವಾಹ ಬಂದರೆ ನೀರು ಮೇಲೇರಿ ಒಡ್ಡನ್ನು ಒಡೆಯುತ್ತದೆ. ಅದಕ್ಕೆ ಅವನು ಎರಡು ಸಾಲು ಒಡ್ಡುಗಳನ್ನು ಇಟ್ಟ. ಹೊಳೆಗೆ ಅಂಟಿಕೊಂಡಂತೆ ಸಣ್ಣದೊಂದು 'ನೂಲೊಡ್ಡು', ಅದು ಸಾಮಾನ್ಯ ದಿನದ ನೀರನ್ನು ಬಿಗಿಹಿಡಿಯಲು. ದೂರದಲ್ಲಿ ದೊಡ್ಡದೊಂದು 'ದೂರದೊಡ್ಡು', ಅದು ಪ್ರವಾಹವನ್ನು ತಡೆಯಲು. ನಡುವೆ ಅಡ್ಡಡ್ಡಲಾಗಿ ಒಡ್ಡುಗಳು. ನಮ್ಮ ಹೊಲದ ಬದುಗಳ ಹಾಗೆಯೇ, ಒಳಹೊಕ್ಕ ನೀರು ಉದ್ದಕ್ಕೂ ಓಡಿ ಒಡ್ಡಿನ ಬುಡ ಕೊರೆಯದಂತೆ. ಪ್ರವಾಹದ ನೀರು ನೂಲೊಡ್ಡು ದಾಟಿ ಆ ಮಡಿಗಳಲ್ಲಿ ನಿಂತು ಹೂಳು ಬಿಟ್ಟು, ತಿಳಿಯಾಗಿ ಹೊಳೆಗೆ ಮರಳುತ್ತಿತ್ತು. ಬಿಟ್ಟ ಹೂಳು ಒಡ್ಡಿನ ಬುಡವನ್ನು ಗಟ್ಟಿ ಮಾಡುತ್ತಿತ್ತು. ಅದನ್ನೂ ಮೀರಿ ಬಂದರೆ ಹೊರಗೆ ಹೋಗಲಿ ಎಂದು ಕಲ್ಲಿನ ಕೋಡಿಗಳನ್ನು ಕಟ್ಟಿಸಿದ, ನಮ್ಮ ಕೆರೆಗಳಿಗೆ ಇರುವಂಥವೇ. ಕೊನೆಕೊನೆಗೆ ನೂಲೊಡ್ಡುಗಳು ಪದೇಪದೇ ಕೊಚ್ಚಿಹೋಗುವುದನ್ನು ಕಂಡು, ಅವುಗಳ ಆಸೆ ಬಿಟ್ಟು ದೂರದೊಡ್ಡನ್ನೇ ಕಾಯಿರಿ ಎಂದೂ ಹೇಳಿದ. ಇಕ್ಕಟ್ಟಿನ ಪಕ್ಷದ ಗುರು ಎಂದು ಹೆಸರಾದವನೇ ಅಗಲದ ಕಡೆಗೆ ಒಂದು ಹೆಜ್ಜೆ ಇಟ್ಟದ್ದು ನನಗೆ ಅವನ ಎಲ್ಲ ಕೆಲಸಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಇನ್ನೊಂದು ಉಪಾಯವನ್ನೂ ಮಾಡಿದ. ಹುವಾಯ್ ನದಿಯ ನೀರು ತಿಳಿ. ಅದನ್ನು ಹೊಂಗ್‌ಝೆ ಸರೋವರದಲ್ಲಿ ಗಾವ್‌ಜಿಯಾಯಾನ್ ಎಂಬ ದೊಡ್ಡ ಕಟ್ಟೆಯ ಹಿಂದೆ ನಿಲ್ಲಿಸಿ, ಮಟ್ಟ ಏರಿಸಿ, ಎರಡು ನದಿ ಕೂಡುವಲ್ಲಿ ಜೋರಾಗಿ ಬಿಟ್ಟ. ಹೊರೆ ಇಲ್ಲದ ತಿಳಿನೀರು ಹಸಿದ ನೀರು, ಅದು ಹಳದಿ ನದಿಯ ಹೂಳನ್ನು ಎತ್ತಿಕೊಂಡು ಸಮುದ್ರಕ್ಕೆ ಓಡಿತು.

1578-79ರ ಕೆಲಸದ ನಂತರ ಕೆಲವು ವರ್ಷ ಹೊಳೆ ಶಾಂತವಾಗಿತ್ತು, ದೋಣಿಗಳು ಸಾಗಿದವು. ಆದರೆ ಪಾನ್ ಜಿಶುನನಿಗೆ ನೆಮ್ಮದಿ ಸಿಗಲಿಲ್ಲ. ಅವನ ಬೆಂಬಲಕ್ಕಿದ್ದ ಪ್ರಧಾನಿ ಝಾಂಗ್ ಜುಝೆಂಗ್ 1582ರಲ್ಲಿ ತೀರಿಕೊಂಡ ಮೇಲೆ, ಆ ಮನೆಯವರಿಗೆ ಕೊಟ್ಟ ಹಿಂಸೆಯನ್ನು ಖಂಡಿಸಿ ಮಾತಾಡಿದ್ದಕ್ಕೆ 1584ರಲ್ಲಿ ಪದವಿ ಕಿತ್ತುಕೊಂಡು ಮನೆಗೆ ಕಳಿಸಿದರು. ಹೊಳೆ ಮತ್ತೆ ಕೆಟ್ಟಿತು, 1588ರಲ್ಲಿ ಮತ್ತೆ ಕರೆಸಿದರು! 1590ರಲ್ಲಿ ತನ್ನ ಅನುಭವವನ್ನೆಲ್ಲ ಒಂದು ಗ್ರಂಥವಾಗಿ ಬರೆದಿಟ್ಟ. 1592ರಲ್ಲಿ ಕೆಲಸ ಬಿಟ್ಟ, 1595ರಲ್ಲಿ ತೀರಿಕೊಂಡ.

ಅವನ ಉಪಾಯಕ್ಕೆ ಬೆಲೆ ಕೊಟ್ಟವರು ಯಾರು? ಸರೋವರದ ಮಟ್ಟ ಏರಿಸಿದಷ್ಟೂ ಹಿನ್ನೀರು ಮೇಲಕ್ಕೆ ಬಂತು. ಹಳದಿ ನದಿಯ ತಳ ಏರಿದಾಗ ಕಟ್ಟೆಯನ್ನೂ ಏರಿಸಬೇಕಾಯಿತು, ಸರೋವರವೂ ಏರಿತು. 1680ರಲ್ಲಿ ಸಿಝೌ ಪಟ್ಟಣ ಪೂರ್ತಿಯಾಗಿ ನೀರಿನಡಿ ಹೋಯಿತು. ಮಿಂಗ್ ದೊರೆಗಳ ಪೂರ್ವಿಕರ ಸಮಾಧಿಯೂ ಮುಳುಗಿತು, 1960ರ ದಶಕದಲ್ಲಿ ನೀರು ಇಳಿದಾಗ ಅದರ ಕಲ್ಲಿನ ವಿಗ್ರಹಗಳು ಮತ್ತೆ ಕಂಡವು.

ಚಿಂಗ್ ದೊರೆ ಕಾಂಗ್‌ಶಿಯ ಕಾಲದಲ್ಲಿ, 1677ರಿಂದ, ಜಿನ್ ಫು ಎಂಬ ಅಧಿಕಾರಿ ತನ್ನ ಸಹಾಯಕ ಚೆನ್ ಹುವಾಂಗನ ಬುದ್ಧಿಯಿಂದ ಪಾನ್ ಜಿಶುನನ ದಾರಿಯಲ್ಲೇ ನಡೆದು ಹೊಳೆಯನ್ನು ಮತ್ತೆ ಹತೋಟಿಗೆ ತಂದ. ನೀರಿನ ಪ್ರಮಾಣವನ್ನು ಅಳೆದು ಲೆಕ್ಕ ಹಾಕುವ ಕ್ರಮವನ್ನೂ ಚೆನ್ ಹುವಾಂಗ್ ತಂದ. ಅವನಿಗೆ ಸಿಕ್ಕಿದ್ದು ಸನ್ಮಾನವಲ್ಲ. ಆಸ್ಥಾನದ ಜಗಳದಲ್ಲಿ ಸಿಕ್ಕಿ 1688ರಲ್ಲಿ ಬಂಧನದಲ್ಲೇ ಸತ್ತ.

ಸರಿ, ಇಷ್ಟೆಲ್ಲ ಮಾಡಿದರೂ ಹೊಳೆ ಯಾಕೆ ಗೆದ್ದಿತು? ಇದು ಬಹಳ ಮುಖ್ಯವಾದ ಪ್ರಶ್ನೆ. ಇಕ್ಕಟ್ಟಾದ ದಾರಿಯಲ್ಲಿ ಓಡಿಸಿದ ಹೂಳು ಮಾಯವಾಗುವುದಿಲ್ಲ, ಮುಂದಕ್ಕೆ ಹೋಗುತ್ತದೆ. ಸಮುದ್ರ ಸೇರುವಲ್ಲಿ ಹರವಿಕೊಂಡು ಹೊಸ ನೆಲವಾಗುತ್ತದೆ. ದಡ ಹತ್ತಾರು ಕಿ.ಮೀ. ಸಮುದ್ರದೊಳಕ್ಕೆ ಬೆಳೆಯಿತು. ಸಮುದ್ರದ ಮಟ್ಟ ಅಷ್ಟೇ, ಬೆಟ್ಟದ ಎತ್ತರ ಅಷ್ಟೇ, ನಡುವಿನ ದಾರಿ ಮಾತ್ರ ಉದ್ದವಾಯಿತು. ಅಂದರೆ ಇಳಿಜಾರು ಕಡಿಮೆಯಾಯಿತು, ವೇಗ ತಗ್ಗಿತು, ಹೂಳು ಮತ್ತೆ ತಳಕ್ಕೆ ಕೂರತೊಡಗಿತು. ಅಡ್ಡ ಅಳತೆಯಲ್ಲಿ ಗೆದ್ದದ್ದನ್ನು ಉದ್ದದ ಅಳತೆಯಲ್ಲಿ ಸೋತ ಹಾಗೆ. ಹೊಳೆಯ ಆಕಾರ ಎಂದರೆ ಅಗಲ ಆಳ ಮಾತ್ರ ಅಲ್ಲ, ಮೂಲದಿಂದ ಮುಖದವರೆಗಿನ ಇಳಿಜಾರಿನ ಗೆರೆ ಕೂಡ.

1842ರಲ್ಲಿ ವೇ ಯುವಾನ್ ಎಂಬ ವಿದ್ವಾಂಸ, ಈ ಹೊಳೆ ಇನ್ನು ದಕ್ಷಿಣದಲ್ಲಿ ನಿಲ್ಲದು, ನಾವೇ ಉತ್ತರಕ್ಕೆ ತಿರುಗಿಸದಿದ್ದರೆ ತಾನೇ ತಿರುಗುತ್ತದೆ ಎಂದು ಬರೆದ. 1855ರ ಆಗಸ್ಟ್ 1ರಂದು ತೊಂಗ್‌ವಾಶಿಯಾಂಗ್ ಎಂಬಲ್ಲಿ ಒಡ್ಡು ಒಡೆದು ಹೊಳೆ ಉತ್ತರಕ್ಕೆ ನುಗ್ಗಿತು. ಅವನು ಹೇಳಿದ್ದ ದಾಚಿಂಗ್ ಹೊಳೆಯ ಪಾತ್ರವನ್ನೇ ಹಿಡಿದು ಬೊಹಾಯ್ ಸಮುದ್ರ ಸೇರಿತು. ಇವತ್ತಿಗೂ ಅದೇ ದಾರಿ. ನಡುವೆ ಒಂದು ಸಲ ಮಾತ್ರ ತಪ್ಪಿಸಿದರು: 1938ರ ಜೂನ್‌ನಲ್ಲಿ ಜಪಾನ್ ಸೈನ್ಯವನ್ನು ತಡೆಯಲು ಚಿಯಾಂಗ್ ಕೈ-ಶೇಕ್ ಸರ್ಕಾರದ ಸೇನೆ ಹುವಾಯುವಾನ್‌ಕೋ ಎಂಬಲ್ಲಿ ಒಡ್ಡು ಒಡೆಯಿತು. ತಮ್ಮದೇ ಜನ ಲಕ್ಷಾಂತರ ಮಂದಿ ಪ್ರವಾಹಕ್ಕೂ ಅದರ ಹಿಂದೆ ಬಂದ ಹಸಿವು ರೋಗಗಳಿಗೂ ಬಲಿಯಾದರು. 1947ರಲ್ಲಿ ಅದನ್ನು ಮುಚ್ಚಿದರು. 1128ರ ಪಾಠ ಯಾರಿಗೂ ನೆನಪಿರಲಿಲ್ಲ.

ಇಪ್ಪತ್ತನೇ ಶತಮಾನದಲ್ಲಿ ಹಳೆಯ ಜಗಳ ಹೊಸ ವೇಷದಲ್ಲಿ ಬಂತು. ಅಮೆರಿಕದ ಎಂಜಿನಿಯರ್ ಜಾನ್ ಫ್ರೀಮನ್ ನದಿಯನ್ನು ನೋಡಿ, ಇದು ಬೇಡದಷ್ಟು ಅಗಲ, ನೇರವಾದ ಹೊಸ ಒಡ್ಡುಗಳನ್ನು ಒಳಗೆ ಕಟ್ಟಿ ಇಕ್ಕಟ್ಟು ಮಾಡಿ ಎಂದು 1922ರಲ್ಲಿ ಬರೆದ. ಪಾನ್ ಜಿಶುನನೇ ಇಂಗ್ಲಿಷಿನಲ್ಲಿ ಮಾತಾಡಿದ ಹಾಗೆ! ಜರ್ಮನಿಯ ಡ್ರೆಸ್ಡೆನ್ನಿನ ಹುಬರ್ಟ್ ಎಂಗೆಲ್ಸ್ ಇದನ್ನು ಒಪ್ಪಲಿಲ್ಲ. ದೂರದ ಒಡ್ಡು ದೂರದಲ್ಲೇ ಇರಲಿ, ನಡುವಿನ ಸಾಮಾನ್ಯ ದಿನದ ಪಾತ್ರವನ್ನು ಮಾತ್ರ ಭದ್ರ ಮಾಡಿ ಎಂದ. ಈ ಸಲ ವಾದ ಮಾತಿನಲ್ಲೇ ಮುಗಿಯಲಿಲ್ಲ. 1932ರಲ್ಲಿ ಬವೇರಿಯಾದ ಓಬರ್ನಾಖ್‌ನಲ್ಲಿ ಬಯಲಿನಲ್ಲೇ ನದಿಯ ದೊಡ್ಡ ಮಾದರಿ ಮಾಡಿ ನೀರು, ಹೂಳು ಹರಿಸಿ ನೋಡಿದರು. ಚೀನಾದಿಂದಲೂ ಎಂಜಿನಿಯರ್ ಹೋಗಿದ್ದರು. ಒಡ್ಡುಗಳನ್ನು ಹತ್ತಿರ ತಂದಾಗ ತಳ ನಿರೀಕ್ಷಿಸಿದಂತೆ ಕೊರೆಯಲಿಲ್ಲ, ಪ್ರವಾಹದ ಮಟ್ಟ ಇಳಿಯುವ ಬದಲು ಏರಿತು. ಒಡ್ಡು ದೂರವಿದ್ದಾಗ ಹೂಳು ಅಂಚಿನ ಬಯಲಿನಲ್ಲಿ ಇಳಿದು, ತಿಳಿನೀರು ನಡುಪಾತ್ರಕ್ಕೆ ಮರಳಿ ಅದನ್ನು ತೊಳೆಯಿತು. ಪಾನ್ ಜಿಶುನ್ ತನ್ನ ಕೊನೆಯ ವರ್ಷಗಳಲ್ಲಿ ಕಂಡುಕೊಂಡದ್ದೂ ಇದನ್ನೇ ಅಲ್ಲವೇ?

ಆಮೇಲೆ ಅಣೆಕಟ್ಟಿನ ಕಾಲ. 1955ರಲ್ಲಿ ಉಪಪ್ರಧಾನಿ ದೆಂಗ್ ಝಿಹುಯ್, ಕೆಲವೇ ವರ್ಷಗಳಲ್ಲಿ ಹಳದಿ ನದಿ ತಿಳಿಯಾಗಿ ಹರಿಯುವುದನ್ನು ನೋಡುತ್ತೇವೆ ಎಂದು ಸಾರಿದರು. ಸೋವಿಯತ್ ಎಂಜಿನಿಯರುಗಳ ವಿನ್ಯಾಸದಲ್ಲಿ 1957ರಲ್ಲಿ ಸಾನ್‌ಮೆನ್‌ಶಿಯಾ ಅಣೆಕಟ್ಟಿನ ಕೆಲಸ ಶುರುವಾಯಿತು. ಚಿಂಗ್‌ಹುವಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಹುವಾಂಗ್ ವಾನ್‌ಲಿ (1911–2001) ಇದನ್ನು ವಿರೋಧಿಸಿದರು. ನಿಂತ ನೀರಿನಲ್ಲಿ ಹೂಳು ಕೂರುತ್ತದೆ, ಹಿನ್ನೀರಿನ ತಲೆಯಲ್ಲಿ ತಳ ಏರಿ ಮೇಲಿನ ವೇ ನದಿಯ ಬಯಲು ಮುಳುಗುತ್ತದೆ. ಕಟ್ಟಲೇಬೇಕೆಂದರೆ ಕೆಳಗಿನ ತೂಬುಗಳನ್ನಾದರೂ ಮುಚ್ಚಬೇಡಿ ಎಂದರು. ಅವರಿಗೆ ಬಲಪಂಥೀಯ ಎಂಬ ಹಣೆಪಟ್ಟಿ ಕಟ್ಟಿದರು, ತೂಬುಗಳನ್ನು ಕಾಂಕ್ರೀಟಿನಿಂದ ಮುಚ್ಚಿದರು.

1960ರ ಸೆಪ್ಟೆಂಬರಿನಲ್ಲಿ ನೀರು ನಿಲ್ಲಿಸಿದರು. ಒಂದೂವರೆ ವರ್ಷದಲ್ಲಿ ಸುಮಾರು 150 ಕೋಟಿ ಟನ್ ಹೂಳು ಒಳಗೆ ಕೂತಿತು. ವೇ ನದಿ ಕೂಡುವ ತೊಂಗ್‌ಗುವಾನ್ ಬಳಿ ತಳ ನಾಲ್ಕು ಮೀಟರಿಗೂ ಹೆಚ್ಚು ಏರಿತು. ಶಿಯಾನ್ ನಗರಕ್ಕೇ ಅಪಾಯ ಎನ್ನುವ ಸ್ಥಿತಿ. 1962ರಲ್ಲಿ ನೀರು ನಿಲ್ಲಿಸುವುದನ್ನು ಬಿಟ್ಟರು. ಆಮೇಲೆ ಬೆಟ್ಟದೊಳಗೆ ಎರಡು ಸುರಂಗ ಕೊರೆದರು, ವಿದ್ಯುತ್ತಿಗೆ ಇಟ್ಟಿದ್ದ ನಾಲ್ಕು ಕೊಳವೆಗಳನ್ನು ಹೂಳು ಬಿಡಲು ತೆರೆದರು. 1970ರಿಂದ 1973ರ ನಡುವೆ, ಮುಚ್ಚಿದ್ದ ಆ ತಳದ ತೂಬುಗಳಲ್ಲಿ ಎಂಟನ್ನು ಒಡೆದು ತೆರೆದರು. ಮುಚ್ಚಬೇಡಿ ಎಂದು ಹೇಳಿದ ಮನುಷ್ಯನ ಹಣೆಪಟ್ಟಿ ತೆಗೆಯಲು ಇನ್ನೂ ಕೆಲವು ವರ್ಷ ಬೇಕಾಯಿತು.

(ನಮ್ಮ ಕಡೆಯ ಒಂದು ಮಾತು. ನಮ್ಮ ಹೆಚ್.ಎಲ್.ಸಿ. ಕಾಲುವೆಗೆ, ಆದೋನಿ ಕಡೆಯ ಎಲ್.ಎಲ್.ಸಿ.ಗೆ ನೀರು ಕೊಡುವ ತುಂಗಭದ್ರಾ ಜಲಾಶಯ 1953ರಲ್ಲಿ ಸುಮಾರು 133 ಟಿ.ಎಂ.ಸಿ. ಹಿಡಿಯುತ್ತಿತ್ತು. 2016ರ ಸಮೀಕ್ಷೆಯಲ್ಲಿ 105.788 ಟಿ.ಎಂ.ಸಿ. ಮಿಕ್ಕಿದ ಜಾಗ ಹೂಳಿನದು. ನಮ್ಮ ಹೊಳೆ ಹಳದಿ ನದಿಯಷ್ಟು ಹೊರುವುದಿಲ್ಲ, ಆದರೆ ನಿಂತ ನೀರಿನ ನಿಯಮ ಎಲ್ಲ ಕಡೆಯೂ ಒಂದೇ.)

ಸಾನ್‌ಮೆನ್‌ಶಿಯಾದ ಪೆಟ್ಟಿನಿಂದ ಚೀನಾದಲ್ಲಿ ಹೂಳಿನ ವಿಜ್ಞಾನ ಬೆಳೆಯಿತು. ಅದರಲ್ಲಿ ಮುಖ್ಯ ಹೆಸರು ಚಿಯೆನ್ ನಿಂಗ್ (1922–1986). ಇವರು ಅಮೆರಿಕದ ಬರ್ಕ್ಲಿಯಲ್ಲಿ ಓದಿದ್ದು ಹನ್ಸ್ ಆಲ್ಬರ್ಟ್ ಐನ್‌ಸ್ಟೈನ್ ಬಳಿ. ಹೌದು, ಸಾಪೇಕ್ಷ ಸಿದ್ಧಾಂತದ ಐನ್‌ಸ್ಟೈನರ ಮಗ! ತಂದೆ ನಕ್ಷತ್ರದ ಬೆಳಕಿನ ಬಗ್ಗೆ ಯೋಚಿಸಿದರೆ ಮಗ ಹೊಳೆಯ ತಳದಲ್ಲಿ ಉರುಳುವ ಉಸುಕಿನ ಬಗ್ಗೆ ಬದುಕೆಲ್ಲ ಯೋಚಿಸಿದರು. 1955ರಲ್ಲಿ ಚೀನಾಕ್ಕೆ ಮರಳಿದ ಚಿಯೆನ್ ನಿಂಗ್ ಕಂಡುಕೊಂಡದ್ದು: ಹೂಳೆಲ್ಲ ಒಂದೇ ಅಲ್ಲ. ನುಣ್ಣನೆಯದು ಹೆಚ್ಚಾಗಿ ನೀರಿನ ಜೊತೆ ಸಮುದ್ರಕ್ಕೆ ಹೋಗುತ್ತದೆ. ಕೆಳಪಾತ್ರವನ್ನು ತುಂಬಿಸುವುದು 0.05 ಮಿ.ಮೀ.ಗಿಂತ ದಪ್ಪ ಕಣಗಳು, ಅವು ಬರುವುದು ಪ್ರಸ್ಥಭೂಮಿಯ ಒಂದು ಸೀಮಿತ ಭಾಗದಿಂದ. ಹಾಗಾದರೆ ಎಲ್ಲ ಬೆಟ್ಟಗಳಿಗೂ ಕೈ ಹಾಕುವ ಬದಲು ಆ ಭಾಗದಲ್ಲಿ ಮೊದಲು ಮಣ್ಣು ಹಿಡಿದು ನಿಲ್ಲಿಸಬಹುದು.

ಕೆಳಬಯಲಿನಲ್ಲಿ ಇನ್ನೊಂದು ಕಥೆ ನಡೆಯುತ್ತಿತ್ತು. ಹೆನಾನ್ ಪ್ರಾಂತ್ಯದಲ್ಲಿ ಎರಡು ಒಡ್ಡುಗಳ ನಡುವೆ ಹತ್ತು, ಇಪ್ಪತ್ತು ಕಿ.ಮೀ. ಅಂತರವೂ ಇದೆ. ಆ ಜಾಗ ಖಾಲಿ ಇಲ್ಲ. ಹಳ್ಳಿಗಳಿವೆ, ಹೊಲಗಳಿವೆ. ಲಕ್ಷಾಂತರ ಜನ ಒಡ್ಡಿನ ಒಳಗೇ ಬದುಕುತ್ತಾರೆ. 1958ರ ಜುಲೈನಲ್ಲಿ ಸೆಕೆಂಡಿಗೆ 22,300 ಘನ ಮೀಟರ್ ನೀರು ಬಂದ ಪ್ರವಾಹದ ನಂತರ, ಹೊಲ ಉಳಿಸಿಕೊಳ್ಳಲು ರೈತರು ಹೊಳೆಯ ಅಂಚಿನಲ್ಲೇ ಸಣ್ಣ ಒಡ್ಡುಗಳನ್ನು ಕಟ್ಟಿಕೊಂಡರು. ಅವು ಪಾನ್ ಜಿಶುನನ ನೂಲೊಡ್ಡುಗಳೇ, ಆದರೆ ಅವನ ಉದ್ದೇಶಕ್ಕಲ್ಲ. ಆಮೇಲಿನ ದಶಕಗಳಲ್ಲಿ ಹೊಳೆಯಲ್ಲಿ ನೀರೇ ಕಡಿಮೆಯಾಯಿತು. 1997ರಲ್ಲಂತೂ ಸಮುದ್ರದ ಕಡೆಯ ತುದಿ 226 ದಿನ ಒಣಗಿತ್ತು. ಇಕ್ಕಟ್ಟು ಇತ್ತು, ಓಡುವ ನೀರು ಇರಲಿಲ್ಲ. ಹೂಳೆಲ್ಲ ಆ ಇಕ್ಕಟ್ಟಿನ ಒಳಗೇ ಕೂತು, ನಡುಪಾತ್ರ ಅಕ್ಕಪಕ್ಕದ ಹೊಲಗಳಿಗಿಂತ ಎತ್ತರವಾಯಿತು. ತೂಗಾಡುವ ನದಿಯೊಳಗೆ ಇನ್ನೊಂದು ತೂಗಾಡುವ ನದಿ! ಸರ್ಕಾರ 1974ರಲ್ಲೇ ಆ ಒಡ್ಡುಗಳನ್ನು ತೆಗೆಯಿರಿ ಎಂದಿತ್ತು. ಕಣ್ಣೆದುರಿನ ಗೋಧಿ ಬೆಳೆ ಬಿಟ್ಟು ಯಾವ ರೈತ ತೆಗೆದಾನು? ಅವರನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ.

1999ರಲ್ಲಿ ನೀರು ತುಂಬಲು ಶುರುವಾದ ಶಿಯಾವ್‌ಲಾಂಗ್‌ದಿ ಅಣೆಕಟ್ಟಿನಲ್ಲಿ ಹಳೆಯ ತಪ್ಪು ಮಾಡಲಿಲ್ಲ, ಹೂಳು ಹೊರಹೋಗಲು ಸುರಂಗಗಳನ್ನು ಮೊದಲೇ ಇಟ್ಟರು. 2002ರ ಜುಲೈ 4ರಿಂದ 11 ದಿನ ಅಲ್ಲಿಂದ ಲೆಕ್ಕ ಮಾಡಿ ಒಂದು ಕೃತಕ ಪ್ರವಾಹ ಬಿಟ್ಟರು. ಪಾತ್ರದ ದಂಡೆ ತುಂಬುವಷ್ಟು ನೀರು, ಅದಕ್ಕಿಂತ ಹೆಚ್ಚಲ್ಲ, ಏಕೆಂದರೆ ದಂಡೆ ಮೀರಿದರೆ ನೀರು ಹರಡಿ ವೇಗ ಕಳೆದುಕೊಳ್ಳುತ್ತದೆ. ಕಡಿಮೆಯೂ ಅಲ್ಲ, ಏಕೆಂದರೆ ನಿಧಾನದ ನೀರು ಮೇಲೆ ಕೊರೆದದ್ದನ್ನು ಕೆಳಗೆ ಬಿಟ್ಟುಬಿಡುತ್ತದೆ. ಆ ಒಂದೇ ಸಲಕ್ಕೆ 6 ಕೋಟಿ 60 ಲಕ್ಷ ಟನ್ನಿನಷ್ಟು ಹೂಳು ಸಮುದ್ರ ಸೇರಿತು. ಆಮೇಲೆ ಬಹುತೇಕ ವರ್ಷಗಳಲ್ಲಿ ಹೀಗೆ ಮಾಡಿದ್ದಾರೆ. 2002ರಲ್ಲಿ ಅತಿ ಕಿರಿದಾದ ಜಾಗದಲ್ಲಿ ದಂಡೆ ಮೀರದೆ ಸೆಕೆಂಡಿಗೆ 1,800 ಘನ ಮೀಟರ್ ಹರಿಯಬಹುದಿತ್ತು, ಈಗ 4,000 ದಾಟಿದೆ. ಗೋಡೆ ಕಟ್ಟದೆ, ನೀರು ಬಿಡುವ ಸಮಯ ಮತ್ತು ಅಳತೆಯಿಂದಲೇ ಹೊಳೆಯನ್ನು ಆಳ ಮಾಡಿದ್ದು ಇದು.

ಮೇಲೆ ಲೋಯೆಸ್ ಬೆಟ್ಟಗಳಲ್ಲಿ ಮೆಟ್ಟಿಲು ಹೊಲ, ಹಳ್ಳಗಳಿಗೆ ತಡೆ ಒಡ್ಡು, ಗಿಡ ಹುಲ್ಲು ಬೆಳೆಸಿದ್ದರಿಂದ ಮತ್ತು ಅಣೆಕಟ್ಟುಗಳಿಂದ 2000ದ ನಂತರ ನದಿಗೆ ಬರುವ ಹೂಳು ವರ್ಷಕ್ಕೆ ಸರಾಸರಿ 25 ಕೋಟಿ ಟನ್ನಿನ ಆಸುಪಾಸಿಗೆ ಇಳಿದಿದೆ. ಇದರಿಂದ ಹಳೆಯ ಜಗಳ ಮುಗಿಯಿತೇ? ಎಲ್ಲಿ ಮುಗಿಯುತ್ತದೆ! ಹೂಳು ಕಡಿಮೆಯಾಯಿತಲ್ಲ, ಇನ್ನು ಒಳಗಿನ ಒಡ್ಡುಗಳನ್ನು ಗಟ್ಟಿ ಮಾಡಿ ಹಳ್ಳಿಗಳಿಗೆ ಭದ್ರತೆ ಕೊಡಿ ಎಂದು ಒಂದು ಪಕ್ಷ. ಒಂದು ಕೆಟ್ಟ ಮಳೆಗಾಲಕ್ಕೆ ಎಲ್ಲ ಮರಳಿ ಬರಬಹುದು, ಅಗಲವನ್ನು ಮುಟ್ಟಬೇಡಿ ಎಂದು ಇನ್ನೊಂದು ಪಕ್ಷ. ಶಾನ್‌ದೊಂಗ್ ಪ್ರಾಂತ್ಯದಲ್ಲಿ 2017ರಿಂದ ಒಡ್ಡಿನೊಳಗಿನ ಲಕ್ಷಾಂತರ ಜನರಿಗೆ ಬೇರೆ ಕಡೆ ಅಥವಾ ಎತ್ತರದ ದಿಬ್ಬಗಳ ಮೇಲೆ ಹೊಸ ಮನೆ ಕಟ್ಟಿಕೊಟ್ಟರು, ಜಿಯಾ ರಾಂಗ್ ಹೇಳಿದ ಉಪಾಯ! 2021ರ ಅಕ್ಟೋಬರಿನಲ್ಲಿ ಅಕಾಲದ ದೊಡ್ಡ ಮಳೆ ಬಂದಾಗ, ಅಣೆಕಟ್ಟುಗಳಿಂದ ನೀರು ಬಿಡುವುದನ್ನು ಅಳೆದು ಅಳೆದು ಹುವಾಯುವಾನ್‌ಕೋ ಬಳಿ ಸೆಕೆಂಡಿಗೆ 4,800 ಘನ ಮೀಟರಿನ ಹತ್ತಿರಕ್ಕೆ ಹಿಡಿದು ನಿಲ್ಲಿಸಿದರು. ಹೊಳೆ ಅಂಚಿನವರೆಗೆ ತುಂಬಿ ಹಲವು ದಿನ ಹಾಗೇ ಹರಿಯಿತು. ಹೆನಾನಿನ ಒಡ್ಡಿನೊಳಗಿನ ಹಳ್ಳಿಗಳಿಗೆ ನೀರು ನುಗ್ಗಲಿಲ್ಲ.